ಗಾಳಿಯ ಕೀಲಿ ಯಾರ ಕೈಲಿ?

ಚಂದ್ರನ ಮೇಲೆ ನೆಲೆ ನಿಂತ ಜನ ಭೂಮಿಯ ವಿರುದ್ಧ ದಂಗೆ ಎದ್ದು ಸ್ವತಂತ್ರರಾಗುವ ಕಾದಂಬರಿಯೊಂದಿದೆ. ಅಮೆರಿಕದ ರಾಬರ್ಟ್ ಹೈನ್‌ಲೈನ್ ಬರೆದ ‘ದಿ ಮೂನ್ ಈಸ್ ಎ ಹಾರ್ಷ್ ಮಿಸ್ಟ್ರೆಸ್’. 1966ರಲ್ಲಿ ಪುಸ್ತಕವಾಗಿ ಬಂತು, 1967ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆಯಿತು. ಬಾಹ್ಯಾಕಾಶದ ವಸಾಹತು ತಾಯ್ನಾಡಿನಿಂದ ಬೇರೆಯಾಗುವ ಮಾತು ಬಂದಾಗಲೆಲ್ಲ ಈ ಪುಸ್ತಕದ ಹೆಸರೂ ಬರುತ್ತದೆ. ಸ್ವಾತಂತ್ರ್ಯದ ದೊಡ್ಡ ಕಥೆ ಅಂತ ಹೊಗಳಿದವರು ಬಹಳ ಮಂದಿ.

‘ಹೊಟ್ಟೆಗೆ ಹಿಟ್ಟಿಲ್ಲದೋರಿಗೆ ಚಂದ್ರಲೋಕದ ಉಸಾಬರಿ ಯಾಕಪ್ಪಾ’ ಅಂತ ಗೆಳೆಯರು ಕೇಳಬಹುದು. ಉಸಾಬರಿ ಬೇಕು. ನಾಳೆಯ ಲೋಕವನ್ನು ಯಾರು ಊಹಿಸುತ್ತಾರೋ ಅದರ ಕಟ್ಟುಕಟ್ಟಳೆಗಳನ್ನೂ ಅವರೇ ಬರೆಯುತ್ತಾರೆ. ಮನುಸ್ಮೃತಿ ಬರೆಯುವಾಗ ನಮ್ಮನ್ನು ಯಾರೂ ಕೇಳಲಿಲ್ಲ. ಈ ಸಲವಾದರೂ ಬರೆಯುವ ಹೊತ್ತಿಗೇ ಹೋಗಿ ಕೇಳೋಣ.

ಕಥೆ ನಡೆಯುವುದು 2075–76ರಲ್ಲಿ. ಭೂಮಿಗೆ ಬೇಡವಾದ ಕೈದಿಗಳನ್ನು ಚಂದ್ರನಿಗೆ ಸಾಗಿಸಿದ್ದಾರೆ. ಅವರೂ ಅವರ ಮಕ್ಕಳು ಮೊಮ್ಮಕ್ಕಳೂ ಅಲ್ಲಿಯ ನೆಲದೊಳಗೆ ಸುರಂಗ ಕೊರೆದುಕೊಂಡು ಬದುಕುತ್ತಿದ್ದಾರೆ. ಕಡಿಮೆ ಗುರುತ್ವಕ್ಕೆ ಒಗ್ಗಿಹೋದ ಮೈ ಮತ್ತೆ ಭೂಮಿಯ ಭಾರ ತಾಳದು. ಹಾಗಾಗಿ ಶಿಕ್ಷೆ ಮುಗಿದರೂ ವಾಪಸು ಹೋಗುವಂತಿಲ್ಲ. ಹಿಮಗಡ್ಡೆ ಅಗೆದು, ಅದರ ನೀರಲ್ಲಿ ಗೋಧಿ ಬೆಳೆದು, ಕವಣೆಯಂಥ ಭಾರಿ ಯಂತ್ರದಿಂದ ಭೂಮಿಗೆ ಎಸೆಯುತ್ತಾರೆ. ಬೆಲೆ ಕಟ್ಟುವುದು ಭೂಮಿಯವರ ಪ್ರಾಧಿಕಾರ. ಕೊನೆಗೆ ಒಬ್ಬ ತಂತ್ರಜ್ಞ, ಒಬ್ಬ ಪ್ರೊಫೆಸರು, ಒಬ್ಬ ಹೋರಾಟಗಾರ್ತಿ, ಜತೆಗೆ ಬುದ್ಧಿ ಬಂದ ಒಂದು ಕಂಪ್ಯೂಟರು ಸೇರಿ ದಂಗೆ ಎಬ್ಬಿಸುತ್ತಾರೆ. 2076ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ. ಅಮೆರಿಕ ಸ್ವತಂತ್ರವಾದ ದಿನವನ್ನೇ ಲೇಖಕ ಚಂದ್ರನಿಗೂ ಹೊಂದಿಸಿದ್ದಾನೆ. ಭೂಮಿಯ ಸೈನ್ಯ ಬಂದಾಗ ಅದೇ ಕವಣೆಯಿಂದ ಬಂಡೆ ಎಸೆದು ಗೆಲ್ಲುತ್ತಾರೆ.

ಒಂದು ವಿಷಯದಲ್ಲಿ ಹೈನ್‌ಲೈನನನ್ನು ಮೆಚ್ಚಬೇಕು. ವಸಾಹತು ಅಂದರೆ ಏನು ಅನ್ನೋದು ಆತನಿಗೆ ಚೆನ್ನಾಗಿ ಗೊತ್ತು. ಬೆಲೆ ಹೆಚ್ಚಿಸಿ ಅಂತ ಕೇಳುವ ರೈತರಿಗೆ ಪ್ರೊಫೆಸರು ಬೇರೆಯೇ ಲೆಕ್ಕ ಹೇಳುತ್ತಾನೆ: ಒಂದೊಂದು ಗೋಧಿ ಕಾಳಿನ ಜತೆಗೂ ನಮ್ಮ ನೀರು ಹೋಗುತ್ತಿದೆ, ಅದು ತಿರುಗಿ ಬರುವುದಿಲ್ಲ, ಹೋದಷ್ಟು ತೂಕ ವಾಪಸು ಬರಬೇಕು. ನಮ್ಮ ದಾದಾಭಾಯಿ ನವರೋಜಿ ಬ್ರಿಟಿಷರ ವಿಷಯದಲ್ಲಿ ಹಾಕಿದ ಸಂಪತ್ತಿನ ಸೋರಿಕೆಯ ಲೆಕ್ಕವೂ ಇದೇ ಜಾತಿಯದು. ಸೋರುವ ಕೊಡವನ್ನು ಒಳ್ಳೆ ಬೆಲೆಗೆ ಮಾರಿದರೂ ಅದು ಸೋರುವುದು ನಿಲ್ಲೋದಿಲ್ಲ.

ಆ ಗೋಧಿ ತಿನ್ನುವವರು ಯಾರು? ಕಾದಂಬರಿಯಲ್ಲಿ ಅದು ಬಂದು ಬೀಳುವುದು ಮುಂಬೈ ಆಚೆಯ ಸಮುದ್ರಕ್ಕೆ. ತಿನ್ನುವವರು ಹಸಿದ ಭಾರತೀಯರು. ಕಾದಂಬರಿ ಹೊರಬಂದ 1965–66ರಲ್ಲಿ ನಮ್ಮಲ್ಲಿ ಬರಗಾಲ, ಅಮೆರಿಕದ ಪಿ.ಎಲ್. 480 ಗೋಧಿ ಹಡಗಿನಲ್ಲಿ ಬರುತ್ತಿತ್ತು. ಲೇಖಕನಿಗೆ ನಮ್ಮ ಹಸಿವು ಕಂಡಿದೆ, ಮುಖ ಕಂಡಿಲ್ಲ. ಭೂಮಿಯ ಸಭೆ ಸೇರುವುದು ಆಗ್ರಾದಲ್ಲಿ. ಆದರೂ ಹಸಿದವನೊಬ್ಬ ಬಾಯಿ ಬಿಟ್ಟು ವಾದ ಹೂಡುವ ಜಾಗ ಕಾದಂಬರಿಯಲ್ಲಿಲ್ಲ. ಒಂದು ಕಡೆ ಬೆಳೆಯುವ ಬಡವ, ಇನ್ನೊಂದು ಕಡೆ ತಿನ್ನುವ ಬಡವ, ನಡುವೆ ಬೆಲೆ ಕಟ್ಟುವ ಪ್ರಾಧಿಕಾರ. ಈ ಇಬ್ಬರು ಬಡವರು ಮಾತಾಡಿಕೊಂಡಿದ್ದರೆ ದಂಗೆಯ ದಿಕ್ಕೇ ಬೇರೆಯಾಗುತ್ತಿತ್ತು.

ಇದಕ್ಕಿಂತ ದೊಡ್ಡ ಕೊರತೆ ಚಂದ್ರನ ಒಳಗೇ ಇದೆ. ಅಲ್ಲಿ ಉಸಿರಾಡುವ ಗಾಳಿಗೂ ಕಾಸು ಕೊಡಬೇಕು. ಹೈನ್‌ಲೈನ್ ಇದನ್ನು ಹೆಮ್ಮೆಯಿಂದಲೇ ಹೇಳುತ್ತಾನೆ: ಯಾವುದೂ ಬಿಟ್ಟಿ ಸಿಗೋದಿಲ್ಲ ಅನ್ನೋದು ಆ ಜನರ ನೀತಿ. ಕಾಸಿಲ್ಲದವನ ಗತಿ? ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೀರಿಗೆ ವಿದ್ಯುತ್ ಹಾಯಿಸಿ, ಒಡೆದು ಅದನ್ನು ಪಡೆಯುತ್ತಾರೆ. ಅಂಥ ಯಂತ್ರದ ಕೀಲಿ ಹಿಡಿದವನೇ ಅಲ್ಲಿ ಊರ ಗೌಡ. ನೀರು ಕೊಡದ ಕೇರಿ ಬಿಟ್ಟು ಇನ್ನೊಂದು ಊರಿಗಾದರೂ ಹೋಗಬಹುದು. ಗಾಳಿ ಕೊಡದ ಸುರಂಗ ಬಿಟ್ಟು ಎಲ್ಲಿಗೆ ಹೋಗೋದು? ಅಲ್ಲಿ ಬಹಿಷ್ಕಾರವೆಂದರೆ ಸಾವು.

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿದಾಗ ದೇಶ ಆಳುತ್ತಿದ್ದವರು ಬ್ರಿಟಿಷರು. ಕೆರೆ ಕಾಯುತ್ತಿದ್ದವರು ಸವರ್ಣರು. ಬ್ರಿಟಿಷರು ಹೋದ ಮಾತ್ರಕ್ಕೆ ಊರೂರಿನ ಕೆರೆ ಬಾವಿಗಳ ಕಾವಲು ಬದಲಾಗಲಿಲ್ಲ. ಈ ಪಾಠ ಗೊತ್ತಿದ್ದವರು ಚಂದ್ರನ ಬಂಡಾಯಗಾರರನ್ನು ಕೇಳುವ ಮೊದಲ ಪ್ರಶ್ನೆ ಇದು: ಭೂಮಿಯವರನ್ನು ಓಡಿಸಿದಿರಿ ಸರಿ, ಗಾಳಿಯ ಕೀಲಿ ಯಾರಿಗೆ ಕೊಟ್ಟಿರಿ?

ಕಾದಂಬರಿಯಲ್ಲಿ ಉತ್ತರವಿಲ್ಲ. ಜನರ ನಾಯಕನಾಗಿ ಮಾತಾಡುವ ಆಡಮ್ ಸೆಲೀನ್ ಮನುಷ್ಯನೇ ಅಲ್ಲ, ಕಂಪ್ಯೂಟರಿನ ದನಿ. ಜನಕ್ಕೆ ಆ ಗುಟ್ಟು ತಿಳಿಯುವುದೇ ಇಲ್ಲ. ಕಡೆಯಲ್ಲಿ ನಿರೂಪಕನ ಕೊರಗು ಹೊಸ ಸರ್ಕಾರ ಕಾಯಿದೆ ಜಾಸ್ತಿ ಮಾಡಿತು ಅನ್ನೋದು. ಗಾಳಿಗೆ ಕಾಸಿಲ್ಲದವನ ಕೊರಗು ಏನಿತ್ತೋ ಬರೆದಿಲ್ಲ. ಮೂವತ್ತು ಲಕ್ಷ ಜನರ ಹೇಲುಚ್ಚೆ ಯಾರು ಬಾಚುತ್ತಾರೆ ಅಂತಲೂ ಬರೆದಿಲ್ಲ. ಈಗಿನ ನಿಲ್ದಾಣದಲ್ಲಿ ಯಾತ್ರಿಗಳೇ ತಮ್ಮ ಪಾಯಿಖಾನೆ ತೊಳೆಯುತ್ತಾರೆ. ಬೇರೆ ಯಾರೂ ಇಲ್ಲವಲ್ಲ. ನಾಳೆ ಸಾವಿರಾರು ಜನ ಹೋದಾಗ ‘ಬೇರೆಯವರು’ ಹುಟ್ಟಿಕೊಳ್ಳುತ್ತಾರೆ. ಸ್ವಾತಂತ್ರ್ಯದ ಅಳತೆಗೋಲು ಅಲ್ಲಿದೆ.

ಯಜಮಾನರೂ ಸ್ವಾತಂತ್ರ್ಯ ಕೇಳುತ್ತಾರೆ, ಮರೆಯಬಾರದು. ಈ ಕಾದಂಬರಿ ಧಾರಾವಾಹಿಯಾಗಿ ಹೊರಬರತೊಡಗಿದ ಹೊತ್ತಿಗೇ, 1965ರ ನವೆಂಬರ್ 11ರಂದು, ರೊಡೀಷಿಯಾದ ಬಿಳಿಯರು ಬ್ರಿಟನ್ನಿನಿಂದ ಸ್ವಾತಂತ್ರ್ಯ ಘೋಷಿಸಿಕೊಂಡರು. ಯಾಕೆ? ಬಹುಸಂಖ್ಯಾತ ಕರಿಯರ ಕೈಗೆ ಅಧಿಕಾರ ಹೋಗದಿರಲಿ ಅಂತ. ಆ ನೆಲದ ಜನಕ್ಕೆ ನಿಜವಾದ ಸ್ವಾತಂತ್ರ್ಯ ಬಂದದ್ದು 1980ರಲ್ಲಿ, ಜಿಂಬಾಬ್ವೆ ಹೆಸರಿನಲ್ಲಿ.

ಇದೇ ಆಟ ಮಂಗಳ ಗ್ರಹಕ್ಕೂ ತಯಾರಾಗುತ್ತಿದೆ. 2020ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ ಒಡೆಯ ಇಲಾನ್ ಮಸ್ಕ್, ಕಾಸಿಲ್ಲದವರು ಸಾಲ ಮಾಡಿ ಮಂಗಳಕ್ಕೆ ಬರಬಹುದು, ಅಲ್ಲಿ ಬೇಕಾದಷ್ಟು ಕೆಲಸ ಇರುತ್ತದೆ ಎಂದು ಬರೆದ. ಅದೇ ವರ್ಷ ಆತನ ಕಂಪನಿಯ ಸ್ಟಾರ್‌ಲಿಂಕ್ ಗ್ರಾಹಕರ ಕರಾರಿನಲ್ಲಿ, ಮಂಗಳ ಸ್ವತಂತ್ರ ಗ್ರಹ, ಭೂಮಿಯ ಯಾವ ಸರ್ಕಾರಕ್ಕೂ ಅಲ್ಲಿ ಅಧಿಕಾರವಿಲ್ಲ ಎಂಬ ಕಲಮು ಕಾಣಿಸಿತು. ಎರಡನ್ನೂ ಜೋಡಿಸಿ ಓದಿ. ಸಾಲ ಕೊಡುವವನು, ಹೊತ್ತೊಯ್ಯುವವನು, ಕೆಲಸ ಕೊಡುವವನು, ಗಾಳಿ ಕೊಡುವವನು ಎಲ್ಲ ಒಬ್ಬನೇ ಆದರೆ, ದೂರು ಕೇಳುವ ಸರ್ಕಾರ ಮಾತ್ರ ಇಲ್ಲವಾದರೆ, ನಮ್ಮ ಹಳ್ಳಿಯಲ್ಲಿ ಅದಕ್ಕೆ ಒಂದೇ ಹೆಸರು: ಜೀತ. 1976ರ ಕಾಯಿದೆ ಜೀತವನ್ನು ಈ ನೆಲದಲ್ಲಿ ಅಳಿಸಿತು. ಮಂಗಳದಲ್ಲಿ ಅದನ್ನು ಹಿಡಿಯೋರು ಯಾರು?

1967ರ ಬಾಹ್ಯಾಕಾಶ ಒಪ್ಪಂದ ಯಾವ ದೇಶವೂ ಚಂದ್ರನನ್ನಾಗಲಿ ಗ್ರಹಗಳನ್ನಾಗಲಿ ತನ್ನದೆನ್ನಬಾರದು ಎನ್ನುತ್ತದೆ. ಖಾಸಗಿ ಕಂಪನಿಯ ಕೆಲಸಕ್ಕೂ ಆಯಾ ದೇಶವೇ ಹೊಣೆ ಎನ್ನುತ್ತದೆ. ಕಂಪನಿಯ ಕಲಮಿನಿಂದ ಆ ಹೊಣೆ ಕರಗುವುದಿಲ್ಲ. ಆದರೆ ಕೂಲಿಯವನಿಗೆ ಗಾಳಿಯ ಹಕ್ಕು ಅದರಲ್ಲೂ ಬರೆದಿಲ್ಲ.

ಹಾಗಾದರೆ ಬಾಹ್ಯಾಕಾಶದ ವಸಾಹತು ಬಂಡಾಯ ಏಳಬಾರದೇ? ಏಳಲಿ. ಏಳುವುದಾದರೆ ಕೂಲಿಯವರು, ಸಾಲಗಾರರು, ಕಕ್ಕಸು ತೊಳೆಯುವವರು ಎದ್ದು ನಿಲ್ಲಲಿ. ಅವರ ಸಂವಿಧಾನದ ಮೊದಲ ಸಾಲು ಗಾಳಿ ನೀರಿಗೆ ಒಡೆಯನಿಲ್ಲ ಎಂದಿರಲಿ. ಬಾವುಟದ ಬಣ್ಣ ಆಮೇಲೆ ನೋಡಿಕೊಳ್ಳಬಹುದು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯ ಪ್ರಜಾಪ್ರಭುತ್ವವನ್ನೇ ಸ್ಫೋಟಿಸೀತೆಂದು 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಗೋಡೆ ಬಿರುಕು ಬಿಟ್ಟರೆ ಎಲ್ಲರೂ ಒಟ್ಟಿಗೇ ಸಾಯುವ ಸುರಂಗದೂರಿಗೆ ಆ ಎಚ್ಚರಿಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮೇಷ್ಟ್ರುಗಳೇ, ಚಂದ್ರಯಾನದ ಪಾಠ ಮಾಡುವಾಗ ರಾಕೆಟ್ಟಿನ ಚಿತ್ರ ಬರೆಯಿಸಿ, ಬೇಡವೆನ್ನುವುದಿಲ್ಲ. ಅದರ ಪಕ್ಕದಲ್ಲೇ ಒಂದು ಪ್ರಶ್ನೆಯನ್ನೂ ಬರೆಯಿಸಿ: ಅಲ್ಲಿ ಊರು ಕಟ್ಟಿದರೆ ಕೇರಿ ಎಲ್ಲಿರುತ್ತೆ?