ಅಕ್ರೂರನ ರಥ, ಸರ್ಕಾರದ ಕಡತ

ಸಾಕುಮಗುವಿನ ಕಥೆ ಸಾಹಿತ್ಯಕ್ಕೆ ಹೊಸದಲ್ಲ. ಹೆತ್ತವಳೊಬ್ಬಳು, ಸಾಕಿದವಳೊಬ್ಬಳು, ನಡುವೆ ಒಂದು ಕೂಸು. ಈ ಮೂವರ ಸಂಬಂಧದಲ್ಲಿ ಹುಟ್ಟುವ ನೋವುನಲಿವುಗಳು ಕವಿಗಳನ್ನು ಬಹು ಹಿಂದಿನಿಂದಲೂ ಸೆಳೆದಿವೆ. ಆದರೆ ಇತ್ತೀಚಿನ ಕಾಲದಲ್ಲಿ ಈ ಮೂವರ ಜೊತೆಗೆ ನಾಲ್ಕನೆಯದೊಂದು ಪಾತ್ರ ಬಂದು ಸೇರಿಕೊಂಡಿದೆ. ಅದಕ್ಕೆ ಮುಖವಿಲ್ಲ, ಮಡಿಲಿಲ್ಲ. ಕಡತವುಂಟು, ಮೊಹರುಂಟು, ವಿಚಾರಣೆಯ ತಾರೀಖುಂಟು. ಸರ್ಕಾರವೆಂಬ ಈ ಪಾತ್ರವನ್ನು ಕಥೆಗಾರರು ಹೇಗೆ ಕಂಡಿದ್ದಾರೆ, ಅದರೊಡನೆ ಹೆಣಗುವ ಸಾಕುತಂದೆತಾಯಿಗಳ ಬೇಸರಕ್ಕೆ ಎಷ್ಟರ ಮಟ್ಟಿಗೆ ನ್ಯಾಯ ಸಲ್ಲಿಸಿದ್ದಾರೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಅಮೆರಿಕದ ಎರಡು ಕಾದಂಬರಿಗಳನ್ನೂ ಒಂದು ಚಲನಚಿತ್ರವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಳೆಯ ಕಥೆಗೂ ಹೊಸ ಕಥೆಗೂ ಇರುವ ಅಂತರವನ್ನು ಅಳೆಯಲು ಜಾರ್ಜ್ ಎಲಿಯಟ್ಟಳ ‘ಸೈಲಸ್ ಮಾರ್ನರ್’ (೧೮೬೧) ಒಳ್ಳೆಯ ಮಾನದಂಡ. ಹಿಮ ಬೀಳುವ ರಾತ್ರಿ ತಾಯಿ ಹಾದಿಯಲ್ಲಿ ಸತ್ತುಬಿದ್ದಿದ್ದಾಳೆ. ಎಳೆಗೂಸು ತೆವಳುತ್ತ ತಪ್ಪುಹೆಜ್ಜೆಯಿಡುತ್ತ ನೇಯ್ಗೆಯವನ ಒಲೆಯ ಮುಂದೆ ಬಂದು ಮಲಗುತ್ತದೆ. ಒಂಟಿ, ಜಿಪುಣ, ಊರವರಿಂದ ದೂರ ಉಳಿದ ಸೈಲಸ್ ಅದನ್ನು ಎತ್ತಿಕೊಳ್ಳುತ್ತಾನೆ. ನೆರೆಮನೆಯ ಡಾಲಿ ಬಂದು ಮಗುವಿಗೆ ಬಟ್ಟೆ ತೊಡಿಸುವುದನ್ನು ಹೇಳಿಕೊಡುತ್ತಾಳೆ. ಅಲ್ಲಿಗೆ ದತ್ತುವಿಧಿ ಮುಗಿಯಿತು! ಇಂದಿನ ಯಾವ ಅಧಿಕಾರಿಯಾದರೂ ಆ ಮನೆಯ ತಪಾಸಣೆಗೆ ಬಂದಿದ್ದರೆ, ಮಗ್ಗ ತುಂಬಿದ ಆ ಒಂದು ಕೋಣೆಯನ್ನೂ ಅದರ ಯಜಮಾನನನ್ನೂ ಕಂಡು, ಮಗುವನ್ನು ಅಲ್ಲಿ ಬಿಡಲು ಒಪ್ಪುತ್ತಿದ್ದನೇ? ಎಲಿಯಟ್ಟಳ ಕಾಲದಲ್ಲಿ ಮಗು ಬಾಗಿಲಿನಿಂದ ಬಂದಿತು. ನಮ್ಮ ಕಾಲದಲ್ಲಿ ಅದು ಕಡತದಿಂದ ಬರಬೇಕು.

ಅಮೆರಿಕದ ಪದ್ಧತಿಯನ್ನು ಎರಡು ಮಾತಿನಲ್ಲಿ ಹೇಳದೆ ಮುಂದಿನ ವಿಮರ್ಶೆ ತಿಳಿಯದು. ಮನೆಯಲ್ಲಿ ಹಿಂಸೆಗೋ ಅಲಕ್ಷ್ಯಕ್ಕೋ ಒಳಗಾದ ಮಗುವನ್ನು ಅಲ್ಲಿನ ರಾಜ್ಯಗಳು ನ್ಯಾಯಾಲಯದ ಮೂಲಕ ತಮ್ಮ ರಕ್ಷಣೆಗೆ ತೆಗೆದುಕೊಂಡು, ಪರವಾನಗಿ ಪಡೆದ ಸಾಕುಮನೆಯಲ್ಲಿಯೋ ಬಂಧುಗಳಲ್ಲಿಯೋ ಇರಿಸುತ್ತವೆ. ೨೦೨೧ರ ಸರ್ಕಾರಿ ಲೆಕ್ಕದಂತೆ ಹೀಗೆ ರಕ್ಷಣೆಯಲ್ಲಿದ್ದ ಮಕ್ಕಳು ಸುಮಾರು ೩ ಲಕ್ಷ ೯೧ ಸಾವಿರ. ಅವರಲ್ಲಿ ದತ್ತಕಕ್ಕಾಗಿ ಕಾದಿದ್ದವರು ೧ ಲಕ್ಷ ೧೩ ಸಾವಿರಕ್ಕೂ ಹೆಚ್ಚು. ಆ ವರ್ಷ ದತ್ತುಹೋದವರು ಸುಮಾರು ೫೪ ಸಾವಿರ. ಇಷ್ಟು ಮಕ್ಕಳು ಕಾಯುತ್ತಿರುವಾಗ ದತ್ತು ಬಯಸಿದವರಿಗೆ ತೊಡಕೇಕೆ ಎಂದು ಕೇಳಬಹುದು. ತೊಡಕು ಪದ್ಧತಿಯ ಉದ್ದೇಶದಲ್ಲಿಯೇ ಇದೆ. ಅದರ ಮೊದಲ ಗುರಿ ಮಗುವನ್ನು ಹೊಸ ಮನೆಗೆ ಕೊಡುವುದಲ್ಲ, ಹಳೆಯ ಮನೆಯನ್ನು ಸರಿಪಡಿಸಿ ಹಿಂದಿರುಗಿಸುವುದು. ೧೯೮೦ರ ಕಾನೂನು ಇದಕ್ಕಾಗಿ ನ್ಯಾಯವಾದ ಪ್ರಯತ್ನ ನಡೆಯಬೇಕೆಂದಿತು. ಹೆತ್ತವರು ತಿದ್ದಿಕೊಳ್ಳಲೆಂದು ಮಕ್ಕಳು ವರ್ಷಗಟ್ಟಲೆ ಕಾದು ಬಸವಳಿದುದನ್ನು ಕಂಡ ಮೇಲೆ, ೧೯೯೭ರ ಕಾನೂನು ಒಂದು ಗಡಿಯನ್ನು ಹಾಕಿತು: ೨೨ ತಿಂಗಳಲ್ಲಿ ೧೫ ತಿಂಗಳು ಮಗು ಹೊರಗೆ ಕಳೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ಕೊನೆಗಾಣಿಸಲು ರಾಜ್ಯ ಅರ್ಜಿ ಹಾಕಬೇಕು. ಅದೇ ಕಾನೂನು ಸಾಕುತಂದೆತಾಯಿಗಳಿಗೆ ವಿಚಾರಣೆಯ ಸೂಚನೆಯನ್ನೂ ಮಾತಾಡುವ ಅವಕಾಶವನ್ನೂ ಕೊಟ್ಟಿತು; ಅಷ್ಟರಿಂದಲೇ ಅವರು ವ್ಯಾಜ್ಯದ ಪಕ್ಷಗಾರರಾಗುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ರಾತ್ರಿಯೆಲ್ಲ ಎದ್ದು ಮಗುವಿನ ಜ್ವರ ನೋಡಿದವರು ನ್ಯಾಯಾಲಯದಲ್ಲಿ ಬರಿಯ ಹೇಳಿಕೆ ಕೊಡುವವರು! ತಾಯಿಯಂತೆ ಪ್ರೀತಿಸು, ಅತಿಥಿಯಂತೆ ಬೀಳ್ಕೊಡಲು ಸಿದ್ಧಳಾಗಿರು ಎಂದು ಒಂದೇ ಉಸಿರಿನಲ್ಲಿ ಕೇಳುವ ಪದ್ಧತಿ ಇದು.

ಈ ಸಂಕಟವನ್ನು ನೇರವಾಗಿ ವಸ್ತುವಾಗಿಸಿಕೊಂಡ ಕೃತಿ ೨೦೧೮ರಲ್ಲಿ ತೆರೆಕಂಡ ‘ಇನ್‌ಸ್ಟಂಟ್ ಫ್ಯಾಮಿಲಿ’ ಎಂಬ ಚಿತ್ರ. ನಿರ್ದೇಶಕ ಷಾನ್ ಆಂಡರ್ಸ್ ತಾವೇ ಈ ಹಾದಿಯಲ್ಲಿ ಮೂವರು ಒಡಹುಟ್ಟಿದವರನ್ನು ದತ್ತು ಪಡೆದವರಾದುದರಿಂದ, ಚಿತ್ರದ ಪೂರ್ವಾರ್ಧದಲ್ಲಿ ಅನುಭವದ ಗಟ್ಟಿತನವಿದೆ. ಪೀಟ್, ಎಲೀ ಎಂಬ ದಂಪತಿ ತರಬೇತಿಯ ತರಗತಿಗಳಲ್ಲಿ ಕೂತು ಪಾಠ ಕೇಳುತ್ತಾರೆ. ಮಕ್ಕಳನ್ನು ಕಾಣಲೆಂದು ಏರ್ಪಟ್ಟ ಮೇಳವೊಂದಕ್ಕೆ ಹೋಗುತ್ತಾರೆ. ಎಳೆಯರ ಸುತ್ತ ಜನ ನೆರೆದಿರುವಾಗ ಹದಿವಯಸ್ಸಿನವರು ಒಂದು ಬದಿಗೆ ನಿಂತಿರುವ ಆ ನೋಟ ಮನಸ್ಸನ್ನು ಚುಚ್ಚುತ್ತದೆ. ಹದಿನೈದರ ಲಿಜ಼ಿ, ಅವಳ ತಮ್ಮ ಹ್ವಾನ್, ಪುಟ್ಟ ತಂಗಿ ಲೀಟಾ ಮನೆಗೆ ಬಂದ ಮೇಲೆ, ಆಲೂಗೆಡ್ಡೆ ಚಿಪ್ಸ್ ಬಿಟ್ಟು ಬೇರೇನೂ ಮುಟ್ಟದ ಕಿರಿಯಳ ಹಟ, ಹಿರಿಯಳ ತಿರಸ್ಕಾರ, ಎಲ್ಲಿ ಕೈಹಾಕಿದೆವೋ ಎಂಬ ದಂಪತಿಗಳ ಪಶ್ಚಾತ್ತಾಪ ಇವೆಲ್ಲ ಹಾಸ್ಯದಲ್ಲಿ ಚೆನ್ನಾಗಿ ಬೆರೆತಿವೆ.

ಆದರೆ ನಿಜವಾದ ಪರೀಕ್ಷೆ ಉತ್ತರಾರ್ಧದಲ್ಲಿ. ಮಾದಕ ವ್ಯಸನದಿಂದ ಸೆರೆಮನೆ ಕಂಡಿದ್ದ ತಾಯಿ ಕಾರ್ಲಾ ಚೇತರಿಸಿಕೊಂಡು ಬಂದು ಮಕ್ಕಳನ್ನು ಕೇಳುತ್ತಾಳೆ; ನ್ಯಾಯಾಧೀಶರು ಒಪ್ಪುತ್ತಾರೆ. ಇಲ್ಲಿ ಕಥೆ ತನ್ನ ಎತ್ತರವನ್ನು ಮುಟ್ಟಬಹುದಾಗಿತ್ತು. ಪ್ರೇಕ್ಷಕನ ಮುಂದೆ ಎರಡು ನ್ಯಾಯಗಳು ನಿಂತಿವೆ. ಒಂದನ್ನು ಆರಿಸಿದರೆ ಇನ್ನೊಂದು ಸಾಯುತ್ತದೆ. ಅಷ್ಟರಲ್ಲಿ ಚಿತ್ರಕಥೆ ಸುಲಭದ ಒಳದಾರಿ ಹಿಡಿಯುತ್ತದೆ. ಮಕ್ಕಳನ್ನು ಒಪ್ಪಿಸುವ ದಿನ ತಾಯಿ ಬರುವುದಿಲ್ಲ, ಮತ್ತೆ ವ್ಯಸನಕ್ಕೆ ಜಾರಿದ್ದಾಳೆ. ಹಕ್ಕುಳ್ಳವಳು ತಾನಾಗಿಯೇ ಹಿಂದೆ ಸರಿದ ಮೇಲೆ ಪ್ರೇಕ್ಷಕ ನಿರಾತಂಕವಾಗಿ ಕಣ್ಣೊರಸಿಕೊಂಡು ಮನೆಗೆ ಹೋಗಬಹುದು. ಜೀವನದಲ್ಲಿ ಹೀಗೆ ನಡೆಯುವುದಿಲ್ಲವೆಂದಲ್ಲ, ಬೇಕಾದಷ್ಟು ನಡೆಯುತ್ತದೆ. ಆದರೆ ಕೃತಿಯ ಅತ್ಯಂತ ಕಠಿಣವಾದ ಪ್ರಶ್ನೆಗೆ ಪಾತ್ರವೊಂದರ ದೌರ್ಬಲ್ಯವನ್ನು ಉತ್ತರವಾಗಿ ಕೊಟ್ಟರೆ ಅದು ಔಚಿತ್ಯವಾಗದು. ಕಾರ್ಲಾ ಗುಣಮುಖಳಾಗಿ, ಒಳ್ಳೆಯವಳಾಗಿಯೇ ಬಾಗಿಲಿಗೆ ಬಂದಿದ್ದರೆ? ಆ ಕಥೆಯನ್ನು ಹೇಳಲು ಚಿತ್ರಕ್ಕೆ ಧೈರ್ಯ ಸಾಲದು.

ಆ ಧೈರ್ಯವನ್ನು ನಲವತ್ತು ವರ್ಷಗಳ ಹಿಂದೆಯೇ ತೋರಿಸಿದ್ದು ಮಕ್ಕಳಿಗಾಗಿ ಬರೆದ ಒಂದು ಪುಸ್ತಕವೆಂಬುದು ಸೋಜಿಗ. ಕ್ಯಾಥರೀನ್ ಪ್ಯಾಟರ್ಸನ್ನರ ‘ದಿ ಗ್ರೇಟ್ ಗಿಲ್ಲಿ ಹಾಪ್ಕಿನ್ಸ್’ ೧೯೭೮ರಲ್ಲಿ ಪ್ರಕಟವಾಗಿ, ಮರುವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡನ್ನು ಪಡೆಯಿತು. ಲೇಖಕಿ ಕಾಂಬೋಡಿಯಾದ ಇಬ್ಬರು ಹುಡುಗರಿಗೆ ಅಲ್ಪಕಾಲ ಸಾಕುತಾಯಿಯಾಗಿದ್ದವರು. ಗಿಲ್ಲಿಗೆ ಹನ್ನೊಂದು ವರ್ಷ. ಒಂದು ಸಾಕುಮನೆಯವರು ಫ್ಲಾರಿಡಾಕ್ಕೆ ಹೊರಟಾಗ ಇವಳನ್ನು ಬಿಟ್ಟುಹೋದರು. ಅಲ್ಲಿಂದೀಚೆಗೆ ಯಾರೂ ತನ್ನನ್ನು ಬಿಡುವ ಮೊದಲೇ ತಾನೇ ಅವರನ್ನು ಸೋಲಿಸಬೇಕೆಂಬುದು ಅವಳ ನೀತಿ. ಮೇಮ್ ಟ್ರಾಟರ್ ಎಂಬ ಸ್ಥೂಲಕಾಯದ, ಅಷ್ಟೇನೂ ಓದಿಲ್ಲದ ಹೆಂಗಸಿನ ಮನೆಗೆ ಅವಳು ಬರುತ್ತಾಳೆ. ಅಲ್ಲಿ ಪುಕ್ಕಲು ಹುಡುಗ ವಿಲಿಯಂ ಅರ್ನೆಸ್ಟನೂ, ದಿನವೂ ಊಟಕ್ಕೆ ಬರುವ ನೆರೆಮನೆಯ ಕುರುಡ ವೃದ್ಧ ರಾಂಡಾಲ್ಫನೂ ಇದ್ದಾರೆ. ಗಿಲ್ಲಿ ಆ ಮನೆಯನ್ನು ಹಳಿದು ದೂರದ ತಾಯಿಗೆ ಸುಳ್ಳು ಬೆರೆಸಿ ಕಾಗದ ಬರೆಯುತ್ತಾಳೆ. ಹಣ ಕದ್ದು ಓಡಲು ನೋಡಿ ಸಿಕ್ಕಿಬೀಳುತ್ತಾಳೆ. ಟ್ರಾಟರ್ ಮಾತ್ರ ಅವಳನ್ನು ಬಿಟ್ಟುಕೊಡುವುದಿಲ್ಲ. ಹುಡುಗಿಯ ಮನಸ್ಸು ಅಂಗುಲ ಅಂಗುಲವಾಗಿ ಕರಗಿ, ಇದೇ ನನ್ನ ಮನೆ ಎಂಬ ಹಂತಕ್ಕೆ ಬರುವ ವೇಳೆಗೆ, ಆ ಹಳೆಯ ಕಾಗದ ಫಲ ಕೊಡುತ್ತದೆ. ಇಂಥದೊಂದು ಮೊಮ್ಮಗಳಿದ್ದಾಳೆಂದೇ ತಿಳಿಯದಿದ್ದ ಅಜ್ಜಿ ಬಂದು ಗಿಲ್ಲಿಯನ್ನು ಕರೆದೊಯ್ಯುತ್ತಾಳೆ.

ಇಲ್ಲಿ ಯಾರನ್ನು ದೂಷಿಸೋಣ? ಅಜ್ಜಿ ದುಷ್ಟಳಲ್ಲ, ತನ್ನ ರಕ್ತವನ್ನು ಹುಡುಕಿಕೊಂಡು ಬಂದ ಒಂಟಿ ಹೆಂಗಸು. ಅಧಿಕಾರಿಣಿ ಮಿಸ್ ಎಲಿಸ್ ಕ್ರೂರಳಲ್ಲ. ತನ್ನ ಕರ್ತವ್ಯವನ್ನು ಮಾಡುತ್ತಾಳೆ. ಕೊನೆಯಲ್ಲಿ ತಾಯಿ ಬರುತ್ತಾಳೆ, ಆದರೆ ಉಳಿಯಲು ಬಂದವಳಲ್ಲ. ಅಜ್ಜಿ ಹಣ ಕೊಟ್ಟದ್ದರಿಂದ ಬಂದವಳು. ಗಿಲ್ಲಿ ದೂರವಾಣಿಯಲ್ಲಿ ಟ್ರಾಟರಳನ್ನು ಬೇಡಿಕೊಂಡಾಗ ಆಕೆ, ತನ್ನ ಎದೆ ಒಡೆಯುತ್ತಿದ್ದರೂ, ಇನ್ನು ಮುಂದೆ ಅಜ್ಜಿಯ ಮನೆಯೇ ನಿನ್ನ ಮನೆ ಎಂದು ತಿಳಿಹೇಳುತ್ತಾಳೆ. ಸಾಕುತಾಯಿಯ ಧರ್ಮದ ಕಟ್ಟಕಡೆಯ ಪಾಠವನ್ನು, ಅಂದರೆ ಪ್ರೀತಿಸಿದ್ದನ್ನು ಪ್ರೀತಿಯಿಂದಲೇ ಬಿಟ್ಟುಕೊಡುವುದನ್ನು, ಪ್ಯಾಟರ್ಸನ್ ಒಂದು ಹನಿಯೂ ಹೆಚ್ಚಾಗದಂತೆ ಬರೆದಿದ್ದಾರೆ.

ನಮ್ಮ ಓದುಗರಿಗೆ ಈ ಸನ್ನಿವೇಶ ಅಪರಿಚಿತವಾಗಿ ತೋರಬೇಕಾಗಿಲ್ಲ. ಭಾಗವತದಲ್ಲಿ ಅಕ್ರೂರನ ರಥ ಗೋಕುಲಕ್ಕೆ ಬಂದು ನಿಲ್ಲುವ ದಿನವನ್ನು ನೆನೆಯಬಹುದು. ಕೃಷ್ಣ ದೇವಕಿಯ ಮಗನೆಂಬುದು ಸತ್ಯ. ಮಥುರೆಗೆ ಅವನು ಹೋಗಲೇಬೇಕೆಂಬುದೂ ಸತ್ಯ. ರಥವನ್ನು ತಂದವನು ಪರಮಭಕ್ತ. ಆದರೂ ಗೋಪಿಯರು ಇಂಥ ಕೆಲಸಕ್ಕೆ ಬಂದವನಿಗೆ ಅಕ್ರೂರನೆಂಬ ಹೆಸರು ಒಪ್ಪುವುದೇ ಎಂದು ಆಕ್ಷೇಪಿಸುತ್ತಾರೆ. ಕ್ರೌರ್ಯ ವ್ಯಕ್ತಿಯಲ್ಲಿಲ್ಲ, ರಥದಲ್ಲಿದೆ. ಮಿಸ್ ಎಲಿಸ್ಸಳ ಮೋಟಾರು ಆ ರಥದ ಇಂದಿನ ರೂಪ. ನಮ್ಮ ದಾಸರು ಯಶೋದೆಯ ಅಂಗಳದ ಆಟವನ್ನು ಹಾಡಿ ದಣಿಯಲಿಲ್ಲ. ರಥ ಹೋದ ಮೇಲೆ ಆ ಅಂಗಳದಲ್ಲಿ ಉಳಿದ ಯಶೋದೆಯ ಕಥೆ ಟ್ರಾಟರಳದು. ಸರ್ಕಾರವನ್ನು ಕಂಸನೆಂದು ಚಿತ್ರಿಸುವುದು ಸುಲಭ; ಕಾಯುತ್ತ ಬೇಸತ್ತ ದಂಪತಿಗಳಿಗೆ ಅದು ಸಮಾಧಾನವನ್ನೂ ತರಬಹುದು. ಆದರೆ ಅದನ್ನು ಅಕ್ರೂರನೆಂದು ಕಾಣಬಲ್ಲ ಲೇಖಕನೇ ಈ ವಸ್ತುವಿಗೆ ಅರ್ಹ.

ಹಾಗಾದರೆ ಸಾಕುವವರ ದೂರಿಗೆ ಬೆಲೆಯೇ ಇಲ್ಲವೇ? ಖಂಡಿತ ಉಂಟು. ಅದನ್ನು ಸರಿಯಾಗಿ ಗುರುತಿಸಬೇಕು. ಬಾರ್ಬರಾ ಕಿಂಗ್‌ಸಾಲ್ವರರ ‘ಡೀಮನ್ ಕಾಪರ್‌ಹೆಡ್’ (೨೦೨೨) ಇಲ್ಲಿ ನೆರವಾಗುತ್ತದೆ. ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ ಕಥೆಯನ್ನು ವರ್ಜೀನಿಯಾದ ಬೆಟ್ಟಸೀಮೆಯ ಲೀ ಕೌಂಟಿಗೆ ತಂದು ನಿಲ್ಲಿಸಿದ ಈ ಕಾದಂಬರಿ ೨೦೨೩ರ ಪುಲಿಟ್ಜ಼ರ್ ಪಾರಿತೋಷಕವನ್ನು ಹಂಚಿಕೊಂಡಿತು. ನೋವುನಿವಾರಕ ಗುಳಿಗೆಗಳ ಚಟ ಊರೂರನ್ನೇ ನುಂಗಿದ ಕಾಲ. ತಾಯಿ ಅದಕ್ಕೇ ಬಲಿಯಾಗಿ, ಹುಡುಗ ಸರ್ಕಾರದ ಪಾಲಾಗುತ್ತಾನೆ. ಒಂದು ಮನೆಯಲ್ಲಿ ಅವನು ಹೊಗೆಸೊಪ್ಪಿನ ಹೊಲಕ್ಕೆ ದೊರೆತ ಬಿಟ್ಟಿ ಆಳು. ಇನ್ನೊಂದರಲ್ಲಿ ತಿಂಗಳ ಭತ್ಯಕ್ಕಾಗಿ ಇಟ್ಟುಕೊಂಡ ಬಾಯಿ. ಅವನ ಮೇಲ್ವಿಚಾರಣೆಗೆ ಬಂದ ಯುವತಿ ಮಿಸ್ ಬಾರ್ಕ್ಸ್ ಒಳ್ಳೆಯವಳೇ. ಆದರೆ ಅವಳೂ ಶಾಲೆಯ ಉಪಾಧ್ಯಾಯಿನಿಯಾಗಲೆಂದು ಈ ಕೆಲಸ ಬಿಟ್ಟು ಹೋಗುತ್ತಾಳೆ. ಮಕ್ಕಳಿಗೆ ಪಾಠ ಹೇಳುವ ಬಡ ಸಂಬಳವೂ ಆಸೆ ಹುಟ್ಟಿಸುವಂತಿದ್ದರೆ, ಅನಾಥರನ್ನು ಕಾಯುವ ಕೆಲಸದ ಸಂಬಳ ಎಷ್ಟಿರಬೇಕು! ಈ ಒಂದು ವಿವರದಲ್ಲಿ ಕಿಂಗ್‌ಸಾಲ್ವರ್ ಇಡೀ ವ್ಯವಸ್ಥೆಯ ನಾಡಿಯನ್ನು ಹಿಡಿದಿದ್ದಾರೆ. ಅಧಿಕಾರಿ ಬದಲಾದಾಗಲೆಲ್ಲ ಕಡತ ಮೊದಲ ಪುಟಕ್ಕೆ ಹಿಂದಿರುಗುತ್ತದೆ. ಮಗು ಮಾತ್ರ ಹಿಂದಿರುಗಲಾರದು, ಅದು ಬೆಳೆಯುತ್ತಿರುತ್ತದೆ. ಕಾದಂಬರಿಗೆ ಅಲ್ಲಲ್ಲಿ ಉದ್ದ ಹೆಚ್ಚಾಯಿತು, ದುಃಖದ ಮೇಲೆ ದುಃಖ ಪೇರಿಸುವುದರಲ್ಲಿ ಡಿಕನ್ಸನ ಶಿಷ್ಯತ್ವ ಅತಿಯಾಯಿತು ಎನಿಸಿದರೂ, ಈ ಸೂಕ್ಷ್ಮದೃಷ್ಟಿಗಾಗಿ ಅದು ಓದತಕ್ಕ ಕೃತಿ.

ಮೂರು ಕೃತಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನೋವಿನ ಮೂಲ ರಕ್ತಕ್ಕೂ ಪ್ರೀತಿಗೂ ಇರುವ ಜಗಳವಲ್ಲ, ಕಾಲ ಎಂಬುದು ಹೊಳೆಯುತ್ತದೆ. ಗಿಲ್ಲಿಯ ಅಜ್ಜಿ ಬಂದದ್ದು ತಪ್ಪಲ್ಲ, ಅಷ್ಟು ತಡವಾಗಿ ಬಂದದ್ದು ದುರಂತ. ಮಗು ಎಳೆಯದಾಗಿದ್ದಾಗಲೇ ಯಾರಾದರೂ ಅವಳನ್ನು ಹುಡುಕಿದ್ದರೆ ಟ್ರಾಟರಳೂ ಅಳಬೇಕಾಗಿರಲಿಲ್ಲ, ಗಿಲ್ಲಿಯೂ ಕಲ್ಲಾಗಬೇಕಾಗಿರಲಿಲ್ಲ. ಪುಸ್ತಕ ಬಂದ ಮೂವತ್ತು ವರ್ಷಗಳ ಮೇಲೆ, ೨೦೦೮ರಲ್ಲಿ, ಮಗುವನ್ನು ಮನೆಯಿಂದ ತೆಗೆದ ೩೦ ದಿನಗಳೊಳಗೆ ಬಂಧುಗಳನ್ನು ಗುರುತಿಸಿ ತಿಳಿಸಬೇಕೆಂದು ಅಮೆರಿಕದ ಕಾನೂನು ವಿಧಿಸಿತು. ನಮ್ಮ ಮಹಾಭಾರತವೂ ಇದನ್ನೇ ಹೇಳುತ್ತದೆ. ಕುಂತಿ ಕರ್ಣನಿಗೆ ಹೇಳಿದ್ದು ನಿಜವೇ. ಆದರೆ ಅದನ್ನು ಹೇಳಿದ್ದು ಯುದ್ಧದ ಹೊಸ್ತಿಲಲ್ಲಿ. ಅಷ್ಟು ಹೊತ್ತಿಗೆ ಅವನು ರಾಧೇಯನಾಗಿ ಬೆಳೆದು ನಿಂತಿದ್ದ. ತಡವಾಗಿ ಬಂದ ಸತ್ಯಕ್ಕೆ ಅವನು ತಲೆಬಾಗಿದ, ಹಿಂದೆ ಹೋಗಲಿಲ್ಲ. ನ್ಯಾಯಾಲಯ ಕಾಲವನ್ನು ತಾರೀಖುಗಳಿಂದ ಎಣಿಸುತ್ತದೆ. ಮಗು ಮಲಗುವ ರಾತ್ರಿಗಳಿಂದ ಎಣಿಸುತ್ತದೆ. ಸಾಕುವವರ ದೂರು ನಿಜವಾಗಿ ಈ ಎರಡು ಲೆಕ್ಕಗಳ ನಡುವಣ ಅಂತರದ ದೂರು. ‘ನಮಗೆ ಮಗು ಕೊಡಲಿಲ್ಲ’ ಎಂಬುದಕ್ಕಿಂತ ‘ಕೊಡುವುದೋ ಬಿಡುವುದೋ ಬೇಗ ಹೇಳಲಿಲ್ಲ’ ಎಂಬ ಮಾತಿನಲ್ಲಿ ನ್ಯಾಯ ಹೆಚ್ಚು.

ಇದು ಪರದೇಶದ ವಿಚಾರವೆಂದು ಪುಟ ತಿರುವುವ ಹಾಗಿಲ್ಲ. ನಮ್ಮಲ್ಲಿ ದತ್ತಕವೆಂದರೆ ಬಹುಕಾಲ ವಂಶಕ್ಕೂ ಪಿಂಡಕ್ಕೂ ಸಂಬಂಧಿಸಿದ ಮನೆಯೊಳಗಣ ವ್ಯವಹಾರವಾಗಿತ್ತು. ೨೦೧೫ರ ಬಾಲನ್ಯಾಯ ಕಾಯಿದೆಯಡಿ ಮಗು ಬೇಕೆಂಬವರು ಕೇಂದ್ರ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿ ಸರದಿಯಲ್ಲಿ ನಿಲ್ಲಬೇಕು. ಎಳೆಗೂಸಿಗಾಗಿ ಮೂರು ವರ್ಷಕ್ಕೂ ಮೀರಿ ಕಾಯುವುದು ಸಾಮಾನ್ಯ. ವಿಳಂಬ ತಗ್ಗಿಸಲೆಂದು ದತ್ತಕದ ಆಜ್ಞೆಯನ್ನು ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗಾಯಿಸಿದ ತಿದ್ದುಪಡಿ ೨೦೨೨ರಲ್ಲಿ ಜಾರಿಗೆ ಬಂತು. ಸಾಕುಮನೆಯ ಪದ್ಧತಿಗೂ ೨೦೧೬ರಲ್ಲಿ ಮಾದರಿ ನಿಯಮಗಳಾದವು; ೨೦೨೪ರ ಪರಿಷ್ಕಾರ, ಸಾಕಿದವರು ಮಗುವನ್ನು ದತ್ತು ಪಡೆಯಲು ಕಾಯಬೇಕಾದ ಅವಧಿಯನ್ನು ಐದು ವರ್ಷದಿಂದ ಎರಡಕ್ಕೆ ಇಳಿಸಿತು. ಆ ಎರಡು ವರ್ಷ ಸಾಕಿದವರ ಎದೆಯಲ್ಲಿ ಏನೇನು ನಡೆಯುವುದೆಂಬುದನ್ನು ಯಾವ ನಿಯಮಾವಳಿಯೂ ಬರೆಯಲಾರದು.

ಅದನ್ನು ಬರೆಯಬೇಕಾದವರು ಕಥೆಗಾರರು. ಬರೆಯುವಾಗ ಮಕ್ಕಳಿಲ್ಲದ ದಂಪತಿಯ ಕಣ್ಣೀರಿನಲ್ಲಿ ಹೆತ್ತವಳು ಕೊಚ್ಚಿಹೋಗದಂತೆಯೂ, ಹೆತ್ತವಳ ಹಕ್ಕಿನ ಆರ್ಭಟದಲ್ಲಿ ಸಾಕಿದವಳ ಮಾತು ಅಡಗದಂತೆಯೂ ನೋಡಿಕೊಳ್ಳಬೇಕು. ಬಾಗಿಲಲ್ಲಿ ರಥ ನಿಂತಿದೆ, ಒಳಗೆ ಮಗು ಇನ್ನೂ ಊಟ ಮುಗಿಸಿಲ್ಲ. ಆ ಗಳಿಗೆಯಲ್ಲಿ ಅಂಗಳದಲ್ಲಿರುವ ಎಲ್ಲರ ಮುಖವನ್ನೂ ನೋಡಬಲ್ಲವನೇ ಈ ಕಥೆಯನ್ನು ಬರೆಯಲಿ.