ಸಂದೇಹಕ್ಕೊಂದು ಲೆಕ್ಕ

ಯಂತ್ರದ ಬುದ್ಧಿಯ ಚರ್ಚೆಯಲ್ಲಿ ಸಾಹಿತ್ಯದ ವಿದ್ಯಾರ್ಥಿಗೇನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವುಂಟು. ಯಂತ್ರವು ಈಗ ಕನ್ನಡದಲ್ಲಿ ಉತ್ತರ ಹೇಳತೊಡಗಿದೆ. ಆಡಿದ ಮಾತಿನ ಗುಣದೋಷಗಳನ್ನು ಪರೀಕ್ಷಿಸುವುದು ವಿಮರ್ಶೆಗೆ ಸೇರಿದ್ದು.

ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು, 1989ರಲ್ಲಿ ಪ್ರಕಟವಾದ ‘ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್’ ಗ್ರಂಥದಲ್ಲಿ ಪ್ರತಿಪಾದಿಸಿದ ತತ್ತ್ವ ಸರಳವಾದುದು. ತಿಳಿವು ಅನಿಶ್ಚಿತವಾಗಿದ್ದರೂ, ಆ ಅನಿಶ್ಚಿತತೆ ಎಷ್ಟೆಂಬುದು ಗೊತ್ತಾದರೆ, ಅದು ಉಪಯೋಗಕ್ಕೆ ಬರುವ ತಿಳಿವಾಗುತ್ತದೆ. ಕೃತಕ ಬುದ್ಧಿಶಾಸ್ತ್ರವು ಸಂದೇಹವನ್ನು ಅಳೆಯಲು ಹಿಡಿದ ದಾರಿಗಳನ್ನು ಈ ತತ್ತ್ವದ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಕೊಟ್ಟಾರ ಚೌಕಿಯ ರಸ್ತೆಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವುದು ಮಂಗಳೂರಿನವರಿಗೆ ಹೊಸ ಸಂಗತಿಯಲ್ಲ. ವಿವರಣೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. 100 ದಿನಗಳಲ್ಲಿ 10 ದಿನ ನೀರು ನಿಂತಿತು. ಆ 10ರಲ್ಲಿ 8 ದಿನ ಬೆಳಿಗ್ಗೆ ಕಾರ್ಮೋಡವಿತ್ತು. ನೀರು ನಿಲ್ಲದ 90 ದಿನಗಳಲ್ಲಿಯೂ 18 ದಿನ ಕಾರ್ಮೋಡವಿತ್ತು. ಇಂದು ಕಾರ್ಮೋಡವನ್ನು ಕಂಡವನು ಏನೆನ್ನಬೇಕು? ನೂರಕ್ಕೆ 80ರಷ್ಟು ಭಯವೆಂದು ಅವಸರದ ಬುದ್ಧಿ ಹೇಳುತ್ತದೆ. ಅದು ತಪ್ಪು. ಮೋಡ ಕಂಡ 26 ದಿನಗಳಲ್ಲಿ ನೀರು ನಿಂತದ್ದು 8 ದಿನ ಮಾತ್ರ. ಎಂದರೆ ನೂರಕ್ಕೆ ಸುಮಾರು 31. ಆಂಗ್ಲ ಪಾದ್ರಿ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ಹೊರಟ ವಿಚಾರ ಇದೇ: ಹೊಸ ಸಾಕ್ಷ್ಯವನ್ನು ಹಳೆಯ ಅನುಭವದೊಡನೆ ತೂಗಿ ನಂಬಿಕೆಯನ್ನು ತಿದ್ದಿಕೊಳ್ಳಬೇಕು.

ಮೋಡ, ಮಳೆ, ಕಡಲಿನ ಉಬ್ಬರ, ಕಾಲುವೆಯ ಹೂಳು ಎಂದು ಕಾರಣಗಳು ಹೆಚ್ಚಿದಂತೆ ಲೆಕ್ಕ ಕೈಮೀರುತ್ತದೆ. ಒಂದೊಂದು ಸಂಗತಿಯನ್ನೂ ಅದರ ನೇರವಾದ ಕಾರಣಗಳಿಗೆ ಮಾತ್ರ ಜೋಡಿಸಿ ಬಲೆಯಂತೆ ಹೆಣೆದರೆ ಅದು ಹಿಡಿತಕ್ಕೆ ಬರುತ್ತದೆಂದು ಜೂಡಿಯಾ ಪರ್ಲ್ ಅವರು 1988ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಇದು ದೊಡ್ಡ ಕೊಡುಗೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಅಂಕಿಯೊಂದೇ ಸಾಲದು. ಸಾವಿರ ಸಲ ಚಿಮ್ಮಿ ನೋಡಿದ ನಾಣ್ಯದ ಬಗೆಗೂ ‘ಅರ್ಧಕ್ಕರ್ಧ’ ಎನ್ನುತ್ತೇವೆ. ಏನೇನೂ ಅರಿಯದ ವಿಷಯದಲ್ಲಿಯೂ ‘ಅರ್ಧಕ್ಕರ್ಧ’ ಎನ್ನುತ್ತೇವೆ. ಮೊದಲನೆಯದು ಅರಿವು, ಎರಡನೆಯದು ಅಜ್ಞಾನ. ಗ್ಲೆನ್ ಷೇಫರ್ ಅವರ 1976ರ ಗ್ರಂಥವು ನಂಬಿಕೆಗೂ ಅಜ್ಞಾನಕ್ಕೂ ಬೇರೆ ಬೇರೆ ಪಾಲು ಇಟ್ಟದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ನಮ್ಮ ಭಾಷೆ ಇಂಥ ಭೇದಗಳನ್ನು ಕ್ರಿಯಾಪದದಲ್ಲಿಯೇ ಇರಿಸಿಕೊಂಡಿದೆ. ‘ನೀರು ನಿಲ್ಲುತ್ತದೆ’ ಎಂಬುದು ನಿಶ್ಚಯ. ‘ನಿಂತೀತು’ ಎಂಬುದು, ವ್ಯಾಕರಣದ ಮಾತಿನಲ್ಲಿ, ಸಂಭಾವನಾರ್ಥಕ. ‘ನಿಲ್ಲುತ್ತದಂತೆ’ ಎಂದರೆ ಹೇಳಿದವರು ಬೇರೆ, ಹೊಣೆಯೂ ಅವರದು.

ಇಂದಿನ ಮಾತಾಡುವ ಯಂತ್ರಗಳ ಒಳಗೂ ಸಂಭವನೀಯತೆಯ ಲೆಕ್ಕ ನಡೆಯುತ್ತದೆ, ನಿಜ. ಆದರೆ ಅದು ಮುಂದೆ ಯಾವ ಪದ ಬಂದೀತು ಎಂಬುದರ ಲೆಕ್ಕ. ಹೇಳಿದ ಸಂಗತಿ ದಿಟವೇ ಎಂಬುದರದಲ್ಲ. ಮಾತು ಸರಾಗವಾದಷ್ಟೂ ಸಂಗತಿಯೂ ಖಚಿತವೆಂದು ಕೇಳುವವನು ನಂಬಿಬಿಡುತ್ತಾನೆ. ನೂರಕ್ಕೆ 31ರಷ್ಟು ಭಯವಿರುವ ಬೆಳಿಗ್ಗೆ ‘ನೀರು ನಿಲ್ಲಲಿಕ್ಕಿಲ್ಲ’ ಎನ್ನಬೇಕಾದಲ್ಲಿ ‘ನಿಲ್ಲುವುದಿಲ್ಲ’ ಎಂದುಬಿಟ್ಟರೆ ಅದು ಬರಿಯ ಶೈಲಿದೋಷವಲ್ಲ. ಅದನ್ನು ನಂಬಿ ಮಗುವನ್ನು ಶಾಲೆಗೆ ಕಳುಹಿಸುವ ತಾಯಿಗೆ ಮಾಡಿದ ಅನ್ಯಾಯ.

ಸಂದೇಹದ ಅಳತೆಯನ್ನು ಹೇಳದ ಉತ್ತರ, ಎಷ್ಟೇ ಸೊಗಸಾಗಿದ್ದರೂ, ರಾವ್ ಅವರ ಅರ್ಥದಲ್ಲಿ ಉಪಯೋಗದ ತಿಳಿವಲ್ಲ. ಕನ್ನಡದ ಯಂತ್ರಗಳನ್ನು ಕಟ್ಟುವವರು ಗಣಿತಜ್ಞರ ಜೊತೆಯಲ್ಲಿ ವೈಯಾಕರಣರನ್ನೂ ಕೂಡಿಸಿಕೊಂಡು, ‘ಬರುತ್ತದೆ’ಗೂ ‘ಬಂದೀತು’ಗೂ ಇರುವ ಅಂತರವನ್ನು ಕಾಪಾಡುವುದು ಮೇಲು.