ತೂಕದಿಂದ ಅಳತೆಗೆ: ಪಾಕಪುಸ್ತಕಗಳ ಕೋಷ್ಟಕವೊಂದರ ವಿಮರ್ಶೆ

ಅಡುಗೆ ಪದಾರ್ಥಗಳ ತೂಕವನ್ನು ಬಟ್ಟಲು, ಚಮಚಗಳ ಲೆಕ್ಕಕ್ಕೆ ಇಳಿಸುವ ಕೋಷ್ಟಕವು ಅನೇಕ ಪಾಕಪುಸ್ತಕಗಳ ಆರಂಭದಲ್ಲಿ ಇರುತ್ತದೆ. ಮುಳಗುಂದದಂಥ ಊರಿನಲ್ಲಿ ಬೆಲ್ಲ, ರವೆ, ಪುಟಾಣಿಗಳು ಕಿಲೋ ಲೆಕ್ಕದಲ್ಲಿ ಮನೆಗೆ ಬಂದು, ಒಲೆಯ ಮುಂದೆ ವಾಟಿಯಿಂದಲೋ ಪಾವಿನಿಂದಲೋ ಅಳೆಯಲ್ಪಡುವುದರಿಂದ ಇಂಥ ಕೋಷ್ಟಕಕ್ಕೆ ನಿಜವಾದ ಅಗತ್ಯವಿದೆ. ಆದರೆ ಅದು ಒದಗಿಸುವ ಅಂಕಿಗಳು ತೋರುವಷ್ಟು ಖಚಿತವಲ್ಲ.

ಧಾನ್ಯವನ್ನು ಗಾತ್ರದಿಂದಲೂ ಲೋಹವನ್ನು ತೂಕದಿಂದಲೂ ಲೆಕ್ಕ ಹಾಕುವ ಕ್ರಮ ಈ ನಾಡಿನಲ್ಲಿ ಹಳೆಯದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕುಡುಬ, ಪ್ರಸ್ಥ, ಆಢಕ, ದ್ರೋಣಗಳೆಂಬ ಧಾನ್ಯಮಾನಗಳನ್ನು ಒಂದು ಕೋಷ್ಟಕದಲ್ಲಿಯೂ ಚಿನ್ನ, ಬೆಳ್ಳಿ, ಇತರ ಲೋಹಗಳ ತೂಕಗಳನ್ನು ಬೇರೆ ಕೋಷ್ಟಕಗಳಲ್ಲಿಯೂ ಇಟ್ಟನು. ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿ ಎಂಬತ್ತು ತೊಲೆಯ, ಎಂದರೆ ಸುಮಾರು 933 ಗ್ರಾಮಿನ, ತೂಕದ ಸೇರೂ ನಾಲ್ಕು ಪಾವಿನ ಅಳತೆಯ ಸೇರೂ ಜೊತೆಜೊತೆಗೆ ನಡೆದವು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಅಂಗಡಿಯ ತಕ್ಕಡಿ ಕಿಲೋಗ್ರಾಮಿಗೆ ಹೊಂದಿಕೊಂಡಿತು. ಚುರಮರಿಯಂಥ ಹಗುರ ಸರಕಿನಲ್ಲಿಯೂ ಅಡುಗೆಮನೆಯಲ್ಲಿಯೂ ಸೇರು, ಪಾವುಗಳು ಉಳಿದವು.

ಕೋಷ್ಟಕದ ಮುಖ್ಯ ದೋಷವು ರಾಶಿ ಸಾಂದ್ರತೆಯನ್ನು, ಎಂದರೆ ಕಣಗಳ ನಡುವಣ ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ಒಂದು ಪಾತ್ರೆಯಲ್ಲಿ ಹಿಡಿಯುವ ತೂಕವನ್ನು, ಸ್ಥಿರವೆಂದು ಭಾವಿಸುವುದರಲ್ಲಿದೆ. 240 ಮಿಲಿಲೀಟರಿನ ಬಟ್ಟಲಿಗೆ ಗೋದಿ ಹಿಟ್ಟನ್ನು ಚಮಚದಿಂದ ಹಗುರವಾಗಿ ತುಂಬಿದರೆ ಸುಮಾರು 120 ಗ್ರಾಂ, ಡಬ್ಬಿಯೊಳಗೆ ಬಟ್ಟಲನ್ನೇ ಅದ್ದಿ ತುಂಬಿದರೆ ಸುಮಾರು 150 ಗ್ರಾಂ ಹಿಡಿಯುತ್ತದೆ. ನಾಲ್ಕು ಬಟ್ಟಲು ಅಳೆಯುವಷ್ಟರಲ್ಲಿ ಒಂದು ಬಟ್ಟಲು ಹಿಟ್ಟು ಹೆಚ್ಚಾಗಿರುತ್ತದೆ. ಗಿರಣಿಯಿಂದ ಆಗಷ್ಟೇ ಬಂದ ಜೋಳದ ಹಿಟ್ಟಿಗೂ ಡಬ್ಬಿಯಲ್ಲಿ ಕುಳಿತು ಒತ್ತಾದ ಹಿಟ್ಟಿಗೂ ಇದೇ ಅಂತರವಿದೆ. ರೊಟ್ಟಿಯ ವಿಷಯದಲ್ಲಿ ಇದು ಬಾಧಕವಲ್ಲ, ಏಕೆಂದರೆ ಎಸರು ಹೊಯ್ದು ನಾದುವ ಕೈ ಹಿಟ್ಟಿನ ಹದವನ್ನು ನೋಡಿಕೊಂಡು ತಪ್ಪನ್ನು ಅಲ್ಲಿಯೇ ಸರಿಪಡಿಸುತ್ತದೆ. ಪಂಚಮಿಯ ಶೇಂಗಾ ಉಂಡಿಯಲ್ಲಿ ಹಾಗಾಗುವುದಿಲ್ಲ: ಹೆರೆದ ಬೆಲ್ಲ, ಕುಟ್ಟಿದ ಬೆಲ್ಲ, ಒತ್ತಿ ತುಂಬಿದ ಬೆಲ್ಲ ಒಂದೇ ವಾಟಿಯಲ್ಲಿ ಮೂರು ಬೇರೆ ತೂಕ ಕೊಡುತ್ತವೆ, ಮತ್ತು ಪಾಕ ಏರಿ ಶೇಂಗಾ ಬೆರೆತ ಮೇಲೆ ತಪ್ಪನ್ನು ತಿದ್ದಲು ಅವಕಾಶವೇ ಇರುವುದಿಲ್ಲ.

ಅಳತೆಯ ಪಾತ್ರೆಯನ್ನೇ ಇದಕ್ಕಾಗಿ ದೂಷಿಸುವುದು ಸರಿಯಲ್ಲ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಎಂಬ ಸೂತ್ರದಲ್ಲಿ ಪಾವಿನ ನಿಖರ ಗಾತ್ರ ಮುಖ್ಯವಲ್ಲ. ಎರಡಕ್ಕೂ ಒಂದೇ ಪಾತ್ರೆ ಬಳಸಿದರೆ ಪ್ರಮಾಣ ತಪ್ಪುವುದಿಲ್ಲ. ಅರ್ಧ ಪದಾರ್ಥಗಳನ್ನು ಗ್ರಾಮಿನಲ್ಲಿಯೂ ಉಳಿದವನ್ನು ಬಟ್ಟಲಿನಲ್ಲಿಯೂ ಹೇಳುವ ಪಾಕವಿಧಿ ಈ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ, ಏಕೆಂದರೆ ಅಲ್ಲಿ ಬಟ್ಟಲಿನ ಗಾತ್ರ ಬದಲಾದಂತೆ ಪಾಕದ ಪ್ರಮಾಣವೂ ಬದಲಾಗುತ್ತದೆ. ಬಟ್ಟಲು 240 ಮಿಲಿಲೀಟರಿನದೋ 250ರದೋ ಎಂಬುದನ್ನು ಹೇಳದ ಕೋಷ್ಟಕವು ಈ ಗೊಂದಲವನ್ನು ಇನ್ನಷ್ಟು ಬೆಳೆಸುತ್ತದೆ.

ದ್ರವಗಳಲ್ಲಿ ಪರಿವರ್ತನೆ ಹೆಚ್ಚು ನಂಬಲರ್ಹ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆದರೂ ಉಷ್ಣತೆ ಏರಿದಂತೆ ಎಣ್ಣೆಯ ಗಾತ್ರ ಹಿಗ್ಗುವುದರಿಂದ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ, ಉಷ್ಣತೆಯ ಉಲ್ಲೇಖವನ್ನು ಕೈಬಿಟ್ಟು ಗಾತ್ರದ ಜೊತೆಗೆ ತೂಕವನ್ನೂ ಪೊಟ್ಟಣದ ಮೇಲೆ ನಮೂದಿಸಲು ತಯಾರಕರಿಗೆ ಸೂಚಿಸಿತು. ಪಾಕಪುಸ್ತಕಗಳು ಅನುಸರಿಸಬೇಕಾದ ಮಾದರಿ ಇದೇ: ಹಿಟ್ಟು, ಪುಡಿ, ಬೆಲ್ಲಗಳಿಗೆ ತೂಕವೇ ಮೂಲವಾಗಿರಬೇಕು, ಅಳತೆ ಅದರ ಪಕ್ಕದಲ್ಲಿರಬೇಕು, ದ್ರವಗಳಿಗೂ ಇಡೀ ಕಾಳುಗಳಿಗೂ ಅಳತೆ ಸಾಕು. ಬಟ್ಟಲಿನ ಗಾತ್ರವನ್ನೂ ತುಂಬುವ ಕ್ರಮವನ್ನೂ ಸ್ಪಷ್ಟವಾಗಿ ಹೇಳಿದ ಕೋಷ್ಟಕ ಉಪಯುಕ್ತ ಸಾಧನ. ಅವನ್ನು ಹೇಳದ ಕೋಷ್ಟಕವು ಅಂದಾಜನ್ನೇ ನಿಖರತೆಯೆಂದು ಒಪ್ಪಿಸುತ್ತದೆ, ಮತ್ತು ಅದಕ್ಕಿಂತ ಒಂದೇ ಪಾವಿನಲ್ಲಿ ಎಲ್ಲವನ್ನೂ ಅಳೆಯುವ ಹಳೆಯ ರೂಢಿ ಹೆಚ್ಚು ವಿಶ್ವಾಸಾರ್ಹ.